ಕಂಪನಿಯೇ ಬಾಡಿಗೆ ಕಟ್ಟಿದರೆ ಎಲ್ಲ ಊರೂ ಚೆಂದ: ‘ವಾಸಕ್ಕೆ ಒಳ್ಳೆಯ ನಗರ’ ಪಟ್ಟಿಗಳ ವಿಮರ್ಶೆ

ಜೂನ್ ಬಂತು ಅಂದರೆ ಒಂದು ಸುದ್ದಿ ಬಂದೇ ಬರುತ್ತದೆ. ‘ವಾಸಕ್ಕೆ ಜಗತ್ತಿನಲ್ಲೇ ಅತ್ಯುತ್ತಮ ನಗರ ಇದು.’ ಜೊತೆಗೊಂದು ಫೋಟೊ: ನೀರು, ಸೈಕಲ್ಲು, ಬಿಸಿಲು ಕಾಯಿಸುತ್ತಾ ಕೂತ ಜನ. ಆಮೇಲೆ ಕೆಲವು ದಿನ ನನ್ನ ಮೇಜಿನ ಹತ್ತಿರ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ‘ಮೇಡಂ, ಅಲ್ಲಿಗೆ ಪೋಸ್ಟಿಂಗ್ ಏನಾದರೂ ಇದೆಯಾ?’

ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಬೇರೆ ದೇಶಕ್ಕೆ ಹೋಗುವವರ ವೀಸಾ, ಭತ್ಯೆ, ಮನೆ, ಮಕ್ಕಳ ಶಾಲೆ ಎಲ್ಲ ನನ್ನ ತಲೆಗೇ. ಹೋಗುವ ಮುಂಚೆ ಕೂತು ಮಾತಾಡುವವಳೂ ನಾನೇ, ಹೋದಮೇಲೆ ಗೋಳು ಕೇಳುವವಳೂ ನಾನೇ. ಹಾಗಾಗಿ ಈ ಪಟ್ಟಿಗಳು ನನಗೆ ಸುದ್ದಿ ಅಲ್ಲ, ದಿನಾ ಬಳಸುವ ಸಾಮಾನು. ಸಾಮಾನು ಅಂದಮೇಲೆ ವಿಮರ್ಶೆ ಬರೆಯಬಹುದು ಅಲ್ವಾ?

ಮೊದಲು ಎಲ್ಲರಿಗೂ ಗೊತ್ತಿರುವ ಪಟ್ಟಿ. ‘ದಿ ಎಕನಾಮಿಸ್ಟ್’ ಪತ್ರಿಕೆಯ ಬಳಗದ ಸಂಶೋಧನಾ ಸಂಸ್ಥೆ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್‌ನವರದ್ದು. ಚಿಕ್ಕದಾಗಿ ಇಐಯು ಅನ್ನುತ್ತಾರೆ. 173 ನಗರಗಳಿಗೆ ಅಂಕ ಕೊಡುತ್ತಾರೆ, 30ಕ್ಕೂ ಹೆಚ್ಚು ಅಂಶಗಳನ್ನು ನೋಡಿ. ಸ್ಥಿರತೆಗೆ (ಅಂದರೆ ಅಪರಾಧ, ಗಲಭೆ, ದಾಳಿಯ ಭಯ ಇಲ್ಲದಿರುವುದಕ್ಕೆ) ಶೇ 25, ಸಂಸ್ಕೃತಿ ಮತ್ತು ಪರಿಸರಕ್ಕೆ ಶೇ 25, ಆರೋಗ್ಯಕ್ಕೆ ಶೇ 20, ಮೂಲಸೌಕರ್ಯಕ್ಕೆ ಶೇ 20, ಶಿಕ್ಷಣಕ್ಕೆ ಶೇ 10. ಮೇಲಿನ ಹತ್ತು ಊರುಗಳ ಹೆಸರು ಪುಕ್ಕಟೆ ಸಿಗುತ್ತದೆ. ಪೂರ್ತಿ ವರದಿ ಬೇಕಾದರೆ ದುಡ್ಡು ಬಿಚ್ಚಬೇಕು.

ಸುದ್ದಿಯಲ್ಲಿ ಬರುವುದು ಇಷ್ಟೇ. ಆದರೆ ಒಳಗಿನ ಅಂಶಗಳನ್ನು ಒಂದೊಂದಾಗಿ ಓದಿದರೆ ಬೇರೆಯೇ ಕಥೆ. ಶಿಕ್ಷಣವನ್ನೇ ನೋಡಿ. ಅಲ್ಲಿರುವುದು ಮೂರು ಅಂಶ. ಖಾಸಗಿ ಶಾಲೆ ಸಿಗುತ್ತದಾ? ಸಿಕ್ಕಿದರೆ ಚೆನ್ನಾಗಿದೆಯಾ? ಸರ್ಕಾರಿ ಶಾಲೆಗಳ ಲೆಕ್ಕ ಬರುವುದು ಮೂರನೆಯದಾಗಿ. ಆರೋಗ್ಯದಲ್ಲೂ ಖಾಸಗಿ ಆಸ್ಪತ್ರೆಗೆ ಬೇರೆಯೇ ಎರಡು ಅಂಶ ಇವೆ. ಹವಾಮಾನದ ಒಂದು ಅಂಶದ ಹೆಸರು ‘ಪ್ರಯಾಣಿಕರಿಗೆ ಹವೆಯಿಂದ ಆಗುವ ಕಿರಿಕಿರಿ’. ಅಲ್ಲೇ ಹುಟ್ಟಿ ಬೆಳೆದವರಿಗೆ ಸೆಕೆ ಆಗುತ್ತದೋ ಇಲ್ಲವೋ, ಅದು ಬೇರೆ ವಿಷಯ. ಇನ್ನು ಮನೆ. ಒಳ್ಳೆಯ ಮನೆ ಸಿಗುತ್ತದಾ ಅಂತ ಕೇಳುತ್ತಾರೆ. ಬಾಡಿಗೆ ಎಷ್ಟು ಅಂತ ಕೇಳುವುದೇ ಇಲ್ಲ. ಖರ್ಚಿನ ಲೆಕ್ಕಕ್ಕೆ ಅವರದ್ದೇ ಬೇರೊಂದು ವರದಿ ಇದೆ. ಅದನ್ನು ಈ ಅಂಕಕ್ಕೆ ಸೇರಿಸುವುದಿಲ್ಲ.

ಇದು ಯಾರದ್ದೋ ಮರೆವಲ್ಲ. ಈ ಪಟ್ಟಿಯ ಮುಖ್ಯ ಗಿರಾಕಿಗಳಲ್ಲಿ ನನ್ನಂಥವರೂ ಇದ್ದಾರೆ, ಅಂದರೆ ಕಂಪನಿಗಳ ಎಚ್‌ಆರ್‌ನವರು. ನೌಕರನನ್ನು ಕಷ್ಟದ ಊರಿಗೆ ಕಳಿಸಿದರೆ ಸಂಬಳದ ಮೇಲೆ ಎಷ್ಟು ಹಾರ್ಡ್‌ಶಿಪ್ ಅಲೋವೆನ್ಸ್ ಕೊಡಬೇಕು? ಅದಕ್ಕೊಂದು ಕೋಷ್ಟಕ ಇದೆ. ಊರಿಗೆ 80ಕ್ಕಿಂತ ಜಾಸ್ತಿ ಅಂಕ ಬಂದರೆ ಏನೂ ಇಲ್ಲ. 70ರಿಂದ 80ಕ್ಕೆ ಶೇ 5. 60ರಿಂದ 70ಕ್ಕೆ ಶೇ 10. 50ರಿಂದ 60ಕ್ಕೆ ಶೇ 15. ಅದಕ್ಕೂ ಕೆಳಗಿದ್ದರೆ ಶೇ 20. ಈ ಕೆಲಸಕ್ಕೆ ಪಟ್ಟಿ ಚೆನ್ನಾಗಿದೆ. ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ವಾದ ಮಾಡುವ ಮ್ಯಾನೇಜರ್ ಮುಂದೆ ಒಂದು ಅಂಕಿ ಇಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ಸ್ವಂತ ಜೇಬಿನಿಂದ ಬಾಡಿಗೆ ಕಟ್ಟುವವರು ಇದೇ ಪಟ್ಟಿ ಹಿಡಿದು ಊರು ಆರಿಸಿಕೊಂಡರೆ ಕಷ್ಟ. ಅವರ ಲೆಕ್ಕಕ್ಕೆ ಇದು ಎರಡು ಸ್ಟಾರ್‌ನ ಸಾಮಾನು.

ಕೆನಡಾದ ವ್ಯಾಂಕೂವರ್ ಇದಕ್ಕೆ ಒಳ್ಳೆಯ ಉದಾಹರಣೆ. 2024ರ ಇಐಯು ಪಟ್ಟಿಯಲ್ಲಿ ಸಿಡ್ನಿ ಮತ್ತು ವ್ಯಾಂಕೂವರ್ ಎರಡಕ್ಕೂ ಏಳನೇ ಸ್ಥಾನ. ಅದೇ ವರ್ಷ ಡೆಮೊಗ್ರಾಫಿಯಾ ಅನ್ನುವ ಇನ್ನೊಂದು ವರದಿ ಬಂತು. ಅದು ಒಂದೇ ಪ್ರಶ್ನೆ ಕೇಳುತ್ತದೆ: ಆ ಊರಿನ ಒಂದು ಸಾಧಾರಣ ಮನೆಯ ಬೆಲೆ, ಅಲ್ಲಿನ ಒಂದು ಸಾಧಾರಣ ಕುಟುಂಬದ ಎಷ್ಟು ವರ್ಷದ ಆದಾಯಕ್ಕೆ ಸಮ? ಹಾಂಗ್‌ಕಾಂಗ್ 16.7. ಸಿಡ್ನಿ 13.8. ವ್ಯಾಂಕೂವರ್ 12.3. ಅಂದರೆ ಕೈಗೆಟುಕದ ಊರುಗಳಲ್ಲಿ ಎರಡನೆಯದೂ ಮೂರನೆಯದೂ ಇವೇ. ಒಂದು ಪಟ್ಟಿ ‘ಬನ್ನಿ’ ಅನ್ನುತ್ತದೆ, ಇನ್ನೊಂದು ‘ಬಂದರೆ ಸತ್ತಿರಿ’ ಅನ್ನುತ್ತದೆ. ಎರಡೂ ಸುಳ್ಳಲ್ಲ.

ನಾವು ವ್ಯಾಂಕೂವರ್‌ಗೆ ಕಳಿಸಿದ ಒಬ್ಬ ಹುಡುಗ ಇದ್ದ. ಮೊದಲು ಕಂಪನಿಯದ್ದೇ ಮನೆ. ಸಮುದ್ರ ಕಾಣುವ ಬಾಲ್ಕನಿ, ಅದರಾಚೆ ಹಿಮದ ಬೆಟ್ಟ. ದಿನಾ ಫೋಟೊ ಕಳಿಸುತ್ತಿದ್ದ. ಆಮೇಲೆ ಅಲ್ಲೇ ಲೋಕಲ್ ಸಂಬಳಕ್ಕೆ ಸೇರಿಕೊಂಡ. ಬಾಡಿಗೆ ಅವನ ತಲೆಗೆ ಬಂತು. ಮನೆ ಊರ ಹೊರಗೆ ಹೋಯಿತು, ಅದೂ ನೆಲಮಾಳಿಗೆಗೆ. ಕಿಟಕಿ ಇರುವುದು ಚಾವಣಿಗೆ ತಾಗಿಕೊಂಡ ಹಾಗೆ, ಅದರಲ್ಲಿ ಕಾಣುವುದು ಹುಲ್ಲು ಮತ್ತು ಮೇಲಿನ ಮನೆಯವರ ಶೂ. ಫೋಟೊ ಬರುವುದು ನಿಂತುಹೋಯಿತು. ಊರು ಅದೇ, ಬೆಟ್ಟ ಅದೇ, ಇಐಯು ಅಂಕವೂ ಹೆಚ್ಚು ಕಮ್ಮಿ ಅದೇ.

ಅಂಕಗಳು ಹಾಗೆ ಗಟ್ಟಿ ಕೂತಿರುತ್ತವೆ ಅಂದುಕೊಳ್ಳಬೇಡಿ. 2021ರಲ್ಲಿ ಆಕ್ಲೆಂಡ್ ಮೊದಲ ಸ್ಥಾನಕ್ಕೆ ಬಂತು. ನ್ಯೂಜಿಲೆಂಡ್ ಗಡಿ ಮುಚ್ಚಿಕೊಂಡು ಕೋವಿಡ್ ತಡೆದಿತ್ತು, ಒಳಗೆ ಶಾಲೆ, ಹೋಟೆಲು, ಸಂಗೀತ ಕಛೇರಿ ಎಲ್ಲ ನಡೆಯುತ್ತಿತ್ತು. ಅಲ್ಲಿಯವರೆಗೆ ಮೊದಲಿದ್ದ ಆಸ್ಟ್ರಿಯಾದ ವಿಯೆನ್ನಾ ಆ ವರ್ಷ 12ಕ್ಕೆ ಜಾರಿತು. ಮರುವರ್ಷ ಯುರೋಪಿನ ಊರುಗಳು ಬಾಗಿಲು ತೆರೆದವು. ವಿಯೆನ್ನಾ ಮತ್ತೆ ಒಂದನೇ ಸ್ಥಾನಕ್ಕೆ, ಆಕ್ಲೆಂಡ್ 34ಕ್ಕೆ. ಒಂದೇ ವರ್ಷದಲ್ಲಿ 33 ಮೆಟ್ಟಿಲು ಕೆಳಗೆ! ಆಕ್ಲೆಂಡಿನ ರಸ್ತೆ, ನೀರು, ಆಸ್ಪತ್ರೆ ಅಷ್ಟರಲ್ಲಿ ಎಷ್ಟು ಬದಲಾಗಿರಲು ಸಾಧ್ಯ? ಹಾಗೆಯೇ 2025ರಲ್ಲಿ ವಿಯೆನ್ನಾ ಎರಡಕ್ಕೆ ಇಳಿದು ಕೋಪನ್‌ಹೇಗನ್ ಮೇಲೆ ಬಂತು. ಕಾರಣಗಳಲ್ಲಿ ಒಂದು, 2024ರಲ್ಲಿ ವಿಯೆನ್ನಾದಲ್ಲಿ ನಡೆಯಬೇಕಿದ್ದ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ ಕಾರ್ಯಕ್ರಮಕ್ಕೆ ಬಂದ ದಾಳಿಯ ಬೆದರಿಕೆ. ಅದರಿಂದ ಸ್ಥಿರತೆಯ ಅಂಕ ಕಡಿಮೆಯಾಯಿತು. ಕೋಪನ್‌ಹೇಗನ್ ದಿಢೀರನೆ ಚೆನ್ನಾದದ್ದೇನೂ ಅಲ್ಲ.

ವಿಯೆನ್ನಾ ಬಗ್ಗೆ ಮಾತ್ರ ಪಟ್ಟಿಯ ಜೊತೆ ನನ್ನ ಜಗಳ ಇಲ್ಲ. ಆದರೆ ಅದು ಒಳ್ಳೆಯ ಊರು ಆಗಿರುವುದು ಪಟ್ಟಿ ಹೇಳದ ಕಾರಣಕ್ಕೆ. ಅಲ್ಲಿನ ಸುಮಾರು ಅರ್ಧದಷ್ಟು ಜನ ನಗರಸಭೆಯ ಮನೆಗಳಲ್ಲೋ ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲೋ ಇದ್ದಾರೆ. ನಗರಸಭೆಯ ಕೈಯಲ್ಲೇ ಸುಮಾರು 2,20,000 ಮನೆಗಳಿವೆ. ಮೊದಲ ಮಹಾಯುದ್ಧ ಮುಗಿದಾಗ ಊರಿನ ತುಂಬ ಸೂರಿಲ್ಲದ ಕೂಲಿಕಾರರು. 1923ರಲ್ಲಿ ಮನೆಗಳಿಗಾಗಿಯೇ ಒಂದು ತೆರಿಗೆ ಹಾಕಿದರು. ದೊಡ್ಡ ಬಂಗಲೆಯವರಿಗೆ ಜಾಸ್ತಿ, ಸಣ್ಣ ಮನೆಯವರಿಗೆ ಕಡಿಮೆ. ಆ ದುಡ್ಡಿನಲ್ಲಿ ಕಟ್ಟುತ್ತಾ ಹೋದರು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ. ಒಳಗೆ 1,382 ಮನೆ. ಜೊತೆಗೆ ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಸ್ನಾನಗೃಹ, ಲೈಬ್ರರಿ. ಇವತ್ತಿಗೂ ಜನ ಅಲ್ಲಿದ್ದಾರೆ. ಇಷ್ಟು ಮನೆ ನಗರಸಭೆಯ ಹತ್ತಿರ ಇದ್ದರೆ ಖಾಸಗಿ ಮಾಲೀಕ ಬಾಯಿಗೆ ಬಂದ ಬಾಡಿಗೆ ಕೇಳುವುದು ಕಷ್ಟ. ನನ್ನ ಪ್ರಕಾರ ವಿಯೆನ್ನಾದ ಗುಟ್ಟು ಅಲ್ಲಿನ ಅರಮನೆಗಳಲ್ಲೂ ಇಲ್ಲ, ಸಂಗೀತದಲ್ಲೂ ಇಲ್ಲ, ಇದರಲ್ಲಿದೆ.

ನೀರು ಇನ್ನೊಂದು. ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಎರಡು ಕೊಳವೆ ಮಾರ್ಗಗಳಲ್ಲಿ ಬರುತ್ತದೆ. ಒಂದು 1873ರದ್ದು, ಇನ್ನೊಂದು 1910ರದ್ದು. ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುವ ನೀರು. ಅಲ್ಲಿರುವ ನಮ್ಮವರು ನಲ್ಲಿಗೆ ಲೋಟ ಹಿಡಿದು ಕುಡಿಯುತ್ತಾರೆ. ಮನೆಗೆ ಫಿಲ್ಟರ್ ಯಾವುದು ತರಲಿ ಅಂತ ವಿಯೆನ್ನಾದಿಂದ ಯಾರೂ ಫೋನ್ ಮಾಡಿಲ್ಲ. ಬೇರೆ ಊರುಗಳಿಂದ ಬರುವ ಮೊದಲ ಫೋನೇ ಅದು.

ಹಾಗಂತ ವಿಯೆನ್ನಾಗೆ ಇಳಿದ ಕೂಡಲೇ ನಗರಸಭೆಯ ಮನೆಯ ಬೀಗದ ಕೈ ಸಿಗುವುದಿಲ್ಲ. ಮೊದಲು ಅಲ್ಲೇ ಕೆಲವು ಕಾಲ ವಾಸ ಇರಬೇಕು, ಆಮೇಲೆ ಅರ್ಜಿ, ಆಮೇಲೆ ಸರದಿ. ಹೊಸಬರು ಖಾಸಗಿ ಬಾಡಿಗೆಗೇ ಹೋಗಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಅಕ್ಕಪಕ್ಕದವರು ಮಾತಾಡುವುದಿಲ್ಲ ಅನ್ನುವ ದೂರು ನನಗೆ ಅಲ್ಲಿಂದ ಬಂದಷ್ಟು ಇನ್ನೆಲ್ಲಿಂದಲೂ ಬಂದಿಲ್ಲ. ಇದು ನಮ್ಮವರದ್ದಷ್ಟೇ ಗೋಳಲ್ಲ. ಬೇರೆ ದೇಶಗಳಲ್ಲಿ ನೆಲೆಸಿದವರನ್ನೇ ಕೇಳಿ ಇಂಟರ್‌ನೇಷನ್ಸ್ ಅನ್ನುವ ಸಂಸ್ಥೆ ಒಂದು ಸಮೀಕ್ಷೆ ಮಾಡುತ್ತದೆ. 2022ರಲ್ಲಿ 50 ನಗರಗಳಲ್ಲಿ ಜೀವನದ ಗುಣಮಟ್ಟಕ್ಕೆ ವಿಯೆನ್ನಾ ಮೊದಲು. ಹೊಸಬರು ಹೊಂದಿಕೊಳ್ಳುವುದರಲ್ಲಿ ಕೊನೆ. ಒಟ್ಟು ಲೆಕ್ಕದಲ್ಲಿ ಆ ವರ್ಷ ಗೆದ್ದದ್ದು ವೆಲೆನ್ಸಿಯಾ, ದುಬೈ, ಮೆಕ್ಸಿಕೊ ಸಿಟಿ. ಇಐಯು ಪಟ್ಟಿಯ ಮೇಲಿನ ಹತ್ತರಲ್ಲಿ ಈ ಮೂರೂ ಇಲ್ಲ.

ದುಬೈ ಬಗ್ಗೆ ಒಂದೇ ಮಾತು. ದುಡ್ಡು ಉಳಿಸಲು ಸರಿ. ಆದರೆ ಹೆಚ್ಚಿನವರಿಗೆ ಅಲ್ಲಿನ ವಾಸ ಅಂದರೆ ಕೆಲಸದ ವೀಸಾ. ಕೆಲಸ ಹೋಯಿತು ಅಂದರೆ ಊರು ಬಿಡುವ ದಿನದ ಲೆಕ್ಕ ಶುರು. ಮುದುಕರಾಗುವವರೆಗೂ ಇರುತ್ತೇವೆ ಅಂತ ಹೇಳಲಾಗದ ಊರನ್ನು ನಾನು ವಾಸದ ಊರು ಅನ್ನುವುದಿಲ್ಲ.

ಸಿಂಗಪುರದ ವಿಷಯ ಸ್ವಲ್ಪ ಬೇರೆ. ಅಲ್ಲಿನವರಲ್ಲಿ ಹತ್ತಕ್ಕೆ ಸುಮಾರು ಎಂಟು ಜನ ಎಚ್‌ಡಿಬಿ, ಅಂದರೆ ಸರ್ಕಾರದ ವಸತಿ ಮಂಡಳಿ, ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. ಅವು 99 ವರ್ಷದ ಲೀಸಿನ ಮನೆಗಳು. ಕೆಳಗಿಳಿದರೆ ಊಟ, ಕ್ಲಿನಿಕ್, ಬಸ್ಸು. ವಯಸ್ಸಾದವರು ಯಾರನ್ನೂ ಕಾಯದೆ ಓಡಾಡುತ್ತಾರೆ. ಕಾರು ಕೊಳ್ಳಬೇಕಾದರೆ ಮೊದಲು ಕಾರಿಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. ಅದೂ 10 ವರ್ಷಕ್ಕೆ ಮಾತ್ರ. ಅದರ ಬೆಲೆ 1 ಲಕ್ಷ ಸಿಂಗಪುರ ಡಾಲರ್ ದಾಟಿದ್ದೂ ಉಂಟು. ಕೇಳಿದವರು ಬೆಚ್ಚಿಬೀಳುತ್ತಾರೆ. ನನಗೆ ಮಾತ್ರ ಈ ನಿಯಮ ಇಷ್ಟ. ರಸ್ತೆ ಉಸಿರಾಡುತ್ತದೆ. ತೊಂದರೆ ಏನಪ್ಪಾ ಅಂದರೆ ಹೊರಗಿನಿಂದ ಬಂದ ನೌಕರನಿಗೆ ಹೊಸ ಎಚ್‌ಡಿಬಿ ಮನೆ ಕೊಳ್ಳಲು ಬರುವುದಿಲ್ಲ. ಬಾಡಿಗೆಗೇ ಇರಬೇಕು, ಬಾಡಿಗೆ ಮೈ ಜುಮ್ಮೆನ್ನಿಸುತ್ತದೆ.

ಮರ್ಸರ್ ಅನ್ನುವ ಸಲಹಾ ಕಂಪನಿಯವರ ಪಟ್ಟಿಯೂ ಇಐಯು ಜಾತಿಯದ್ದೇ. ನ್ಯೂಯಾರ್ಕಿಗೆ 100 ಅಂತ ಇಟ್ಟುಕೊಂಡು ಉಳಿದ ಊರುಗಳನ್ನು ತೂಗುತ್ತಾರೆ. ವಿಯೆನ್ನಾ ವರ್ಷಗಟ್ಟಲೆ ಮೇಲಿತ್ತು, 2024ರಲ್ಲಿ ಜ್ಯೂರಿಕ್ ಬಂತು. ಭತ್ಯೆ ಲೆಕ್ಕಕ್ಕೆ ಉಪಯೋಗ, ಅಷ್ಟೇ.

ಮೊನೊಕಲ್ ಪತ್ರಿಕೆಯ ಪಟ್ಟಿ ಬೇರೆ ರುಚಿಯದ್ದು. ರಾತ್ರಿ ಹೋಟೆಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಪಾರ್ಕು ಹೇಗಿದೆ, ಇಂಥದ್ದನ್ನೂ ನೋಡುತ್ತಾರೆ. 2015ರಿಂದ 2017ರವರೆಗೆ ಸತತ ಮೂರು ವರ್ಷ ಟೋಕಿಯೊಗೆ ಮೊದಲ ಸ್ಥಾನ ಕೊಟ್ಟರು. ನನಗೂ ಟೋಕಿಯೊ ಇಷ್ಟ. ಆರು ವರ್ಷದ ಮಗು ಹಳದಿ ಟೋಪಿ ಹಾಕಿಕೊಂಡು, ಬೆನ್ನಿಗೆ ತನಗಿಂತ ದೊಡ್ಡ ಚೀಲ ಏರಿಸಿಕೊಂಡು, ಒಬ್ಬಳೇ ರೈಲು ಹತ್ತಿ ಶಾಲೆಗೆ ಹೋಗುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಒಂದು ಊರಿನ ಬಗ್ಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ಅದೇ ಟೋಕಿಯೊದಲ್ಲಿ ಮನೆ ಹಿಡಿಯುವಾಗ ಮಾತ್ರ ಕಣ್ಣಲ್ಲಿ ನೀರು. ಅಡ್ವಾನ್ಸ್ ಬೇರೆ, ‘ರೇಕಿನ್’ ಬೇರೆ. ರೇಕಿನ್ ಅಂದರೆ ಮಾಲೀಕನಿಗೆ ಕೊಡುವ ಕಾಣಿಕೆ, ಒಂದು ಅಥವಾ ಎರಡು ತಿಂಗಳ ಬಾಡಿಗೆಯಷ್ಟು. ವಾಪಸ್ ಬರುವುದಿಲ್ಲ. ಮೇಲೆ ಏಜೆಂಟ್ ಕಮಿಷನ್, ಜಾಮೀನು ಕಂಪನಿಯ ಫೀಸು. ಪರದೇಶದವರಿಗೆ ಕೊಡುವುದಿಲ್ಲ ಅನ್ನುವ ಮಾಲೀಕರೂ ಇದ್ದಾರೆ. ಕಂಪನಿ ಪರವಾಗಿ ನಾನು ಮಾತಾಡುವಾಗ ಸುಲಭವಾಗಿ ಸಿಗುವ ಮನೆ, ಅದೇ ಮನುಷ್ಯ ಒಬ್ಬನೇ ಹೋಗಿ ಕೇಳಿದಾಗ ‘ಇಲ್ಲ’ ಆಗುತ್ತದೆ.

ಫೋಟೊ ನೋಡಿ ಊರು ಆರಿಸುವವರಿಗೆ ನಾನು ವೆನಿಸ್ ತೋರಿಸುತ್ತೇನೆ. ಅಲ್ಲಿ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಡಿಜಿಟಲ್ ಬೋರ್ಡ್ ಇದೆ. ಹಳೆ ವೆನಿಸ್‌ನಲ್ಲಿ ಇನ್ನೂ ವಾಸ ಇರುವವರ ಸಂಖ್ಯೆ ಅದರಲ್ಲಿ ಬರುತ್ತದೆ. ಮಾತ್ರೆ ಕೊಳ್ಳಲು ಹೋದವರು ಅದನ್ನೊಮ್ಮೆ ನೋಡಬಹುದು. 1951ರಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಸಂಖ್ಯೆ 50,000ಕ್ಕಿಂತ ಕೆಳಗೆ ಹೋಯಿತು. ಮನೆಗಳೆಲ್ಲ ಪ್ರವಾಸಿಗಳಿಗೆ ದಿನಬಾಡಿಗೆಗೆ ಹೋದವು. ತರಕಾರಿ ಅಂಗಡಿ ಇದ್ದಲ್ಲಿ ಮುಖವಾಡದ ಅಂಗಡಿ ಬಂತು. 2024ರಲ್ಲಿ, ಜನ ಜಾಸ್ತಿ ಇರುವ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ 5 ಯೂರೊ ತೆಗೆದುಕೊಳ್ಳಲು ಶುರು ಮಾಡಿದರು. ಬಾರ್ಸಿಲೋನಾದವರು ಇನ್ನೂ ಸಿಟ್ಟಾಗಿದ್ದಾರೆ. 2024ರ ಜುಲೈನಲ್ಲಿ ಮೆರವಣಿಗೆ ಮಾಡಿ ಹೋಟೆಲಿನ ಹೊರಗೆ ಕೂತ ಪ್ರವಾಸಿಗಳ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಪ್ರವಾಸಿಗಳಿಗೆ ಕೊಡುವ 10,101 ಫ್ಲ್ಯಾಟುಗಳ ಲೈಸೆನ್ಸನ್ನು 2028ರ ಹೊತ್ತಿಗೆ ನಿಲ್ಲಿಸುವುದಾಗಿ ಅಲ್ಲಿನ ಮೇಯರ್ ಹೇಳಿದ್ದಾರೆ. ನಾಲ್ಕು ದಿನ ನೋಡಲು ಇಷ್ಟವಾದ ಊರಿಗೆ ವರ್ಗ ಕೇಳುವವರು ಈ ಲೆಕ್ಕ ನೋಡಿಕೊಂಡು ಕೇಳಲಿ. ನೀವು ಹೋಗಿದ್ದಾಗ ಇಳಿದುಕೊಂಡಿದ್ದ ಆ ಚೆಂದದ ಫ್ಲ್ಯಾಟು, ಅಲ್ಲಿನ ಯಾವುದೋ ಕುಟುಂಬಕ್ಕೆ ಸಿಗದೆ ಹೋದ ಬಾಡಿಗೆ ಮನೆ.

ಪಟ್ಟಿಗಳು ತೂಗದ ಇನ್ನೊಂದು ವಿಷಯ ಹೇಳಬೇಕು. ಹೆಲ್ಸಿಂಕಿಯಲ್ಲಿ 2024ರ ಜುಲೈನಿಂದ 2025ರ ಜುಲೈವರೆಗೆ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಒಬ್ಬರೂ! ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ. ಇಐಯು ರಸ್ತೆಯ ಗುಣಮಟ್ಟ ನೋಡುತ್ತದೆ, ಆ ರಸ್ತೆಯನ್ನು ಒಬ್ಬ ಅಜ್ಜಿ ದಾಟಬಹುದಾ ಅಂತ ನೋಡುವ ಸಾಲು ಅದರಲ್ಲಿಲ್ಲ. ನಡು ಚಳಿಗಾಲದಲ್ಲಿ ಹಗಲು ಆರು ಗಂಟೆಗೂ ಕಡಿಮೆ, ಅದು ನಿಜ. ಮಂಕು ಕವಿಯುತ್ತದೆ ಅಂತ ವಾಪಸ್ ಬಂದವರೂ ಇದ್ದಾರೆ. ಆದರೆ ಶಾಲೆಗೆ ಹೋಗುವ ಮಕ್ಕಳಿರುವವರು ಕೇಳಿದರೆ ನಾನು ಹೆಲ್ಸಿಂಕಿ ಹೆಸರು ಹೇಳಿಯೇ ಹೇಳುತ್ತೇನೆ.

ಇನ್ನು ಕೆಟ್ಟ ಊರುಗಳು. ಇಐಯು ಪಟ್ಟಿಯ ಕೊನೆಯ ಸ್ಥಾನದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಡಮಾಸ್ಕಸ್ ಇದೆ. ಯುದ್ಧ ಕಂಡ ಊರಿಗೆ ವಿಮರ್ಶೆ ಬರೆಯುವುದು ಸರಿಯಲ್ಲ. ಆದರೆ ಕೊನೆಯ ಸಾಲುಗಳಲ್ಲೇ ಢಾಕಾ ಕೂಡ ಇದೆ. ಅಲ್ಲಿ ಟ್ರಾಫಿಕ್, ಹೊಗೆ, ನೆರೆ ಎಲ್ಲವೂ ನಿಜ. ಹಾಗಿದ್ದರೆ ಆ ಊರಿಗೆ ಜನ ಬರುವುದು ಯಾಕೆ ನಿಂತಿಲ್ಲ? ಗಾರ್ಮೆಂಟ್ ಕೆಲಸಕ್ಕೆ ಹಳ್ಳಿಯಿಂದ ಬರುವ ಹುಡುಗಿಗೆ ಅದು ಸ್ವಂತ ಸಂಬಳ ಸಿಗುವ ಜಾಗ. ಅವಳ ಲೆಕ್ಕದಲ್ಲಿ ಸಂಗೀತ ಕಛೇರಿಗೂ ಖಾಸಗಿ ಶಾಲೆಗೂ ಅಂಕ ಇಲ್ಲ. ಕೆಲಸ ಸಿಗುತ್ತದಾ ಅನ್ನುವ ಪ್ರಶ್ನೆಯನ್ನು ಇಐಯು ಕೇಳುವುದಿಲ್ಲ. ಯಾಕೆಂದರೆ ಅದನ್ನು ಓದುವವನಿಗೆ ಕೆಲಸ ಆಗಲೇ ಇದೆ.

ಕೊನೆಗೆ ನಂಬಿಯೊ. 2009ರಲ್ಲಿ ಶುರುವಾದ ಜಾಲತಾಣ. ಇಲ್ಲಿ ತಜ್ಞರು ಯಾರೂ ಇಲ್ಲ, ಆಯಾ ಊರಿನವರೇ ಬಂದು ಬಾಡಿಗೆ, ಹಾಲಿನ ಬೆಲೆ, ಬಸ್ ಪಾಸು ಎಲ್ಲ ತುಂಬುತ್ತಾರೆ. ಜೀವನದ ಗುಣಮಟ್ಟದ ಅಂಕಕ್ಕೆ ಖರ್ಚು, ಮನೆಯ ಬೆಲೆ ಮತ್ತು ಆದಾಯದ ಅನುಪಾತ, ಕೆಲಸಕ್ಕೆ ಹೋಗಿಬರುವ ಸಮಯ, ಹೊಗೆ ಇವನ್ನೆಲ್ಲ ಸೇರಿಸುತ್ತಾರೆ. ಪ್ರಶ್ನೆಗಳು ಸರಿಯಾಗಿವೆ, ಉತ್ತರಗಳ ಮೇಲೆ ಅಷ್ಟು ಭರವಸೆ ಇಲ್ಲ. ಸುರಕ್ಷತೆಯ ಅಂಕ ಅಂದರೆ ಜನಕ್ಕೆ ಹೇಗೆ ಅನ್ನಿಸುತ್ತದೆ ಅನ್ನುವುದು. ಪೊಲೀಸ್ ಲೆಕ್ಕ ಅಲ್ಲ. ಸಣ್ಣ ಊರಾದರೆ ತುಂಬಿದವರೂ ಕೆಲವರೇ. ಆದರೂ ಸ್ವಂತ ದುಡ್ಡಲ್ಲಿ ಹೋಗುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಮೂರೂವರೆ ಸ್ಟಾರ್.

ರ್‍ಯಾಂಕಿಂಗ್ ಪುಟಕ್ಕೆ ಹೋಗಬೇಡಿ, ನೇರವಾಗಿ ಊರಿನ ಪುಟಕ್ಕೆ ಹೋಗಿ. ಎಷ್ಟು ಜನ ತುಂಬಿದ್ದಾರೆ, ಕೊನೆಯ ಸಲ ಯಾವಾಗ ತಿದ್ದಿದ್ದಾರೆ ಅಂತ ಅಲ್ಲೇ ಬರೆದಿರುತ್ತದೆ. ತೆರಿಗೆ ಕಳೆದ ಸಂಬಳದ ಸಾಲು ನೋಡಿ. ಆಮೇಲೆ ಬಾಡಿಗೆಯ ಸಾಲು. ಊರ ಮಧ್ಯದ್ದು ಒಂದು, ಹೊರಗಿನದ್ದು ಒಂದು ಇರುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಎರಡು ಅಂಕಿ ಕೊಟ್ಟಿರುತ್ತಾರೆ. ಹೊಸಬರಿಗೆ ಕಡಿಮೆಯದ್ದು ಸಿಗುವುದು ಅಪರೂಪ. ನಾನಂತೂ ಜಾಸ್ತಿಯದ್ದನ್ನೇ ಹಿಡಿದು ಲೆಕ್ಕ ಹಾಕಿಕೊಡುತ್ತೇನೆ.